ಹತ್ತು ಹೆಜ್ಜೆ ಹೊರಗೆ

ನಮ್ಮ ಊರಿಗೆ ಸ್ವಂತ ಹವೆ ಇಲ್ಲ. ಹಾಗೆಂದರೇನು ಎಂದು ಕೇಳುವವರಿಗೆ ಕೂತು ತಿಳಿಹೇಳುವ ತಾಳ್ಮೆ ನನಗಿಲ್ಲ. ಇಲ್ಲ ಎಂದರೆ ಇಲ್ಲ, ಅಷ್ಟೇ. ಒಂದೊಂದು ಓಣಿಯಿಂದ ಒಂದು ಜೋಡಿ, ಗಂಡ ಹೆಂಡತಿ, ಶನಿವಾರ ಮಧ್ಯಾಹ್ನ ಓಣಿಯ ಗುಡಾರವನ್ನು ಹೊತ್ತು ಊರ ಹೊರಗೆ ಹೋಗುತ್ತಾರೆ. ಎಲ್ಲಿ ನೆಲದ ಮೇಲೆ ಮಲಗಿ ಏಳುತ್ತಾರೋ ಅಲ್ಲಿಯ ಹವೆಯನ್ನು ಗುಡಾರದೊಳಗೆ ಸುತ್ತಿ, ಹಗ್ಗ ಬಿಗಿದು, ಭಾನುವಾರ ಸಂಜೆ ತಂದು ಓಣಿಯ ಬಾಯಲ್ಲಿ ಬಿಚ್ಚುತ್ತಾರೆ. ಮತ್ತೊಂದು ಹವೆ ಬಿಚ್ಚುವವರೆಗೆ ಓಣಿಗೆ ಅದೇ ಹವೆ. ಗುಡಾರ ಎಷ್ಟು ದೊಡ್ಡದೋ ಹವೆ ಅಷ್ಟು ದೂರ ಹರಡುತ್ತದೆ. ನೇಕಾರರ ಓಣಿಗೆ ತೇವ ಬೇಕು, ಒಣಗಾಳಿಯಾದರೆ ಮಗ್ಗದ ಮೇಲೆ ನೂಲು ಕಡಿಯುತ್ತದೆ. ಅವರ ಜೋಡಿ ಎರಡು ಬಸ್ಸು ಬದಲಿಸಿ ಸಮುದ್ರದ ದಂಡೆಗೆ ಹೋಗಿ ಮಲಗುತ್ತದೆ. ಆ ಓಣಿಯಿಂದ ನಮ್ಮ ಓಣಿಗೆ ತಿರುಗುವಲ್ಲಿ ಗೋಡೆಗೆ ಮೊಳೆ ಹೊಡೆದು ಛತ್ರಿಗಳನ್ನು ತೂಗುಹಾಕಿದ್ದಾರೆ. ಅಲ್ಲಿಯ ತುಂತುರು ದಾಟಲು ಬೇಕಾದವನು ತೆಗೆದುಕೊಂಡು ಹೋಗಿ ಆಚೆ ತುದಿಯ ಮೊಳೆಗೆ ಹಾಕಬೇಕು. ಹಾಕದೆ ಮನೆಗೆ ಒಯ್ಯುವವರೂ ಇದ್ದಾರೆ. ಅವರ ಹೆಸರು ನನಗೆ ಗೊತ್ತು, ಎದುರಿಗೇ ಹೇಳಿದ್ದೇನೆ.

ನಮ್ಮದು ಶಾವಿಗೆ ಓಣಿ, ಹನ್ನೊಂದು ಮನೆ. ರವೆ ನಾದಿ, ಎಳೆ ಎಳೆದು, ಕೋಲಿನ ಮೇಲೆ ಇಳಿಬಿಟ್ಟು ಅಂಗಳದಲ್ಲಿ ಒಣಗಿಸುತ್ತೇವೆ. ಅದಕ್ಕೆ ಬಿಸಿಲೂ ಬೇಕು, ತೆಳುವಾದ ಒಣಗಾಳಿಯೂ ಬೇಕು. ಗಾಳಿ ಜೋರಾದರೆ ಎಳೆ ಮುರಿಯುತ್ತದೆ, ನಿಂತರೆ ಹಿಟ್ಟು ಹುಳಿಯುತ್ತದೆ. ಆ ಹದದ ಹವೆಯನ್ನು ಇಪ್ಪತ್ತನಾಲ್ಕು ವರ್ಷ ತಂದವರು ನಾನು ಮತ್ತು ನನ್ನ ಹೆಂಡತಿ ಕಾಶವ್ವ. ನನ್ನ ಹೆಸರು ಗೂಳಪ್ಪ. ನಾನು ಓದಿದ್ದು ಊರ ಸಾಲೆಯಲ್ಲಿ ಏಳನೆಯ ಇಯತ್ತೆವರೆಗೆ. ಮಾಸ್ತರರು ನನ್ನ ಕಿವಿ ಹಿಂಡಿ, "ಈ ಸಿಟ್ಟು ಇಟಗೊಂಡು ನೀ ಯಾರ ಹಂತ್ಯಾಕೂ ಬಾಳ್ವಿ ಮಾಡಾಂವಲ್ಲ" ಎಂದಿದ್ದರು. ಮಾಡಿದ್ದೇನೆ. ಅದೂ ಒಂದೇ ಗುಡಾರದ ಕೆಳಗೆ.

ನಾವು ಹೋಗುತ್ತಿದ್ದದ್ದು ಬೋಳುಬಂಡೆಗೆ. ಎರಡು ಗಂಟೆಯ ಬಸ್ಸು, ಇಳಿದು ಮೂರು ಮೈಲಿ ನಡಿಗೆ, ಆಮೇಲೆ ಏರು. ಮೇಲೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಕರಿಕಲ್ಲು, ಮೂರು ಕಣಗಳಷ್ಟು ಅಗಲ. ಹಗಲೆಲ್ಲ ಕಾದ ಬಂಡೆ ಮಲಗಿದವರ ಬೆನ್ನಿಗೆ ಬೆಳಗಿನವರೆಗೆ ಬಿಸಿ ಕೊಡುತ್ತದೆ, ಪಡುವಲಿಂದ ತೆಳುಗಾಳಿ ಬರುತ್ತದೆ. ಬಂಡೆಗೆ ಗೂಟ ಇಳಿಯುವುದಿಲ್ಲ. ಗುಡಾರದ ಹಗ್ಗವನ್ನು ಕಲ್ಲುಗಳಿಗೆ ಸುತ್ತಬೇಕು. ಯಾವ ಕಲ್ಲು ಜಾರುತ್ತದೆ, ಯಾವುದು ಜಾರುವುದಿಲ್ಲ ಎಂದು ಕಾಶವ್ವ ಕಾಲಿನಿಂದ ಒದ್ದು ನೋಡಿಯೇ ಹೇಳುತ್ತಿದ್ದಳು. ಸಂಜೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮಲಗುವ ಮೊದಲು ಗುಡಾರದ ನಡುಗೋಲಿಗೆ ಅವಳು ಒಂದು ಹಸಿ ಶಾವಿಗೆ ಎಳೆ ಕಟ್ಟುತ್ತಿದ್ದಳು. ಬೆಳಗ್ಗೆ ಎದ್ದು ಅದನ್ನು ಕಿವಿಯ ಹತ್ತಿರ ಹಿಡಿದು ಮುರಿಯುವಳು. ಟಕ್ ಎಂದರೆ ಹವೆ ಹದವಾಗಿದೆ, ಗುಡಾರ ಸುತ್ತಬಹುದು. ಸದ್ದು ಮೆತ್ತಗಿದ್ದರೆ ಇನ್ನೊಂದು ತಾಸು ಬಿಸಿಲು ತಿನ್ನಿಸಬೇಕು. ಇಪ್ಪತ್ತನಾಲ್ಕು ವರ್ಷದಲ್ಲಿ ಅವಳ ಕಿವಿ ಒಂದು ಸಲವೂ ತಪ್ಪಲಿಲ್ಲ. ಮಗಳು ಹುಟ್ಟಿದಾಗ ಎರಡು ಶನಿವಾರ ತಪ್ಪಿತು. ಮೂರನೆಯದಕ್ಕೆ ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂಡೆ ಏರಿದಳು. ಆ ಕೂಸು ಈಗ ಗಂಡನ ಓಣಿಗೆ ಇಬ್ಬನಿ ತರುತ್ತದೆ. ಯಾರ ಮಗಳು ಅದು!

ಈ ಕೆಲಸಕ್ಕೆ ಎರಡು ಕಟ್ಟಳೆ ಇವೆ. ಒಂದು, ಚಾವಣಿಯ ಕೆಳಗೆ ಮಲಗಬಾರದು. ಅಕ್ಕಸಾಲಿಗರ ಓಣಿಯ ಜೋಡಿ ಒಮ್ಮೆ ಮಳೆಗೆ ಹೆದರಿ ಲಾಡ್ಜಿನಲ್ಲಿ ಮಲಗಿ ಬಂತು. ಇಡೀ ವಾರ ಆ ಓಣಿಯಲ್ಲಿ ಫಿನಾಯಿಲ್ ವಾಸನೆ, ಮೇಲಿನಿಂದ ಫ್ಯಾನಿನ ಗಾಳಿ, ಅದೂ ಕಟಕಟ ಸದ್ದು ಮಾಡುತ್ತ. ಎರಡನೆಯದು, ಗುಡಾರದೊಳಗೆ ಜಗಳ ಆಡಬಾರದು. ಆಡಿದರೆ ಹವೆ ಹುಳಿಯುತ್ತದೆ.

ಲಗ್ನವಾದ ಮೊದಲ ಶನಿವಾರವೇ ಕಾಶವ್ವ ನನ್ನ ಸ್ವಭಾವ ಅಳೆದಿದ್ದಳು. ಗುಡಾರದ ಬಾಗಿಲಿನಿಂದ ಹತ್ತು ಹೆಜ್ಜೆ ಎಣಿಸಿ ಅಲ್ಲೊಂದು ಬಿಳಿಕಲ್ಲು ಇಟ್ಟಳು. "ಬೈಯೋದಿದ್ರ ಅಲ್ಲಿ ನಿಂತು ಬೈರಿ. ಮುಗಿದ ಮ್ಯಾಲ ಒಳಗ ಬರ್ರಿ. ರೊಟ್ಟಿ ಮುಚ್ಚಿಟ್ಟಿರ್ತೀನಿ" ಎಂದಳು. ಅಂದಿನಿಂದ ಅದೇ ನೇಮ. ಪ್ರತಿ ಶನಿವಾರ ಆ ಕಲ್ಲಿನ ಹತ್ತಿರ ನಿಂತು ನಾನು ಬೈಯುತ್ತಿದ್ದೆ. ಚಟ್ನಿಗೆ ಉಪ್ಪು ಹೆಚ್ಚಾದದ್ದಕ್ಕೆ, ಗುಡಾರದ ಗಂಟಿಗೆ ಲಗೇಜು ಟಿಕೀಟು ಕೇಳಿದ ಕಂಡಕ್ಟರನಿಗೆ, ಹೊಲದ ಬದು ಒತ್ತಿದ ಅಣ್ಣನಿಗೆ, ಏನೂ ಸಿಗದಿದ್ದರೆ ಎದುರಿಗಿದ್ದ ಗುಡ್ಡಕ್ಕೆ. ಒಳಗೆ ಅವಳು ಲಾಟೀನು ಹಚ್ಚಿಕೊಂಡು ಏನೋ ಬಟ್ಟೆ ಚುಚ್ಚುತ್ತ ಕೂತಿರುತ್ತಿದ್ದಳು. ಕೌದಿ ಹೊಲಿಯುತ್ತಾಳೆ ಎಂದುಕೊಂಡಿದ್ದೆ. ವಿಚಾರಿಸುವ ಗೋಜಿಗೆ ಹೋದವನಲ್ಲ.

ವಿಚಾರಿಸದ ಇನ್ನೊಂದು ಸಂಗತಿಯೂ ಇತ್ತು. ನೇಕಾರರ ಓಣಿಗೆ ಶಾವಿಗೆ ಕೊಡಲು ಹೋದಾಗೆಲ್ಲ ಅವಳು ತಡ ಮಾಡಿ ಬರುತ್ತಿದ್ದಳು. ಬಂದಾಗ ಕೂದಲು ಅಂಟಂಟು, ತುಟಿಯ ಮೇಲೆ ಉಪ್ಪು. ಒಮ್ಮೆ ನಾನೇ ಹುಡುಕಿಕೊಂಡು ಹೋದೆ. ಓಣಿಯ ನಟ್ಟನಡುವೆ ಬರಿದಾದ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು, ಕಣ್ಣು ಮುಚ್ಚಿ, ಗಾಳಿಗೆ ಮುಖ ಕೊಟ್ಟು ನಿಂತಿದ್ದಳು. "ಮನ್ಯಾಗ ಹಿಟ್ಟು ಒಣಗಾಕ ಹತ್ತೇತಿ, ಇಲ್ಲೇನ್ ದೇವರು ಬಂದಾನ ಮೈಮ್ಯಾಲ?" ಎಂದು ಕೂಗಿದೆ. ಕಣ್ಣು ತೆರೆದು, ಬುಟ್ಟಿ ತಲೆಗಿಟ್ಟು, ಬಂದಳು.

ಈ ವರ್ಷ ನನ್ನ ಬಲಮೊಣಕಾಲು ಮಾತು ಕೇಳುವುದನ್ನು ಬಿಟ್ಟಿತು. ಬಂಡೆ ಏರುವಾಗ ಎರಡು ಸಲ ಕೂರಬೇಕಾಯಿತು. ಅದು ಹೇಗೋ ಓಣಿಗೆ ಗೊತ್ತಾಯಿತು. ಓಣಿಯ ಹಿರಿಯ ಚನಮಲ್ಲಪ್ಪ, ನನಗೆ ದೂರದ ಸಂಬಂಧದಲ್ಲಿ ಮಾವ, ಒಂದು ದಿನ ನಮ್ಮ ಕಟ್ಟೆಗೆ ಬಂದು ಕೂತ. ಎಲೆಗೆ ಸುಣ್ಣ ಸವರುತ್ತ, "ಗೂಳಪ್ಪ, ನಮ್ಮ ಓಣ್ಯಾಗಿನ ಅಡಿವೆಪ್ಪ ಲಗ್ನ ಆಗ್ಯಾನ. ಅಂವನ ಹಂತ್ಯಾಕ ಮೋಟಾರ್ ಸೈಕಲ್ ಐತಿ. ಬೋಳುಬಂಡಿ ಬುಡದ ತನಾ ಗಾಡಿ ಮ್ಯಾಲ ಹೋಗ್ತಾರ" ಎಂದ.

"ಹೋಗ್ಲಿ. ಬಂಡಿ ಏನ್ ನನ್ನಪ್ಪನ ಆಸ್ತಿ ಅಲ್ಲ."

"ಗುಡಾರ ಅವರ ಕೈಗೆ ಕೊಡೂಣಂತ."

ನನ್ನ ಮೈಯೆಲ್ಲ ಉರಿಯಿತು. "ಮಾವ, ಈ ಗುಡಾರದ ಹಗ್ಗಾ ಮೂರು ಸಲ ಸವದು ಬದಲಿ ಆಗ್ಯಾವು. ನನ್ನ ಅಂಗೈ ಬದಲಿ ಆಗಿಲ್ಲ, ನೋಡು. ನಾ ತಂದ ಹವಾದಾಗ ಯಾವಾಗರ ನಿಮ್ಮ ಒಂದ್ ಎಳಿ ಕೆಟ್ಟೈತೇನ? ಕೆಟ್ಟ ದಿನಾ ಬಂದು ಕೇಳು. ಆವತ್ತ ನಾನ ಹೊತಗೊಂಡು ಬಂದು ನಿನ್ನ ಕಟ್ಟಿ ಮ್ಯಾಲ ಇಟ್ಟು ಹೋಗ್ತೀನಿ."

ಚನಮಲ್ಲಪ್ಪ ಎಲೆ ಮಡಿಸಿ ಬಾಯಿಗೆ ಹಾಕಿಕೊಂಡ. "ಆತು. ಬರೋ ವಾರ ದೊಡ್ಡ ಆರ್ಡರ್ ಐತಿ, ಹನ್ನೊಂದು ಮನಿ ಕೂಡಿ ಮಾಡೋದು. ಈ ಶನಿವಾರದ ಹವಾ ತಂದು ತೋರ್ಸು. ಆಮ್ಯಾಲ ನೋಡೂಣು" ಎಂದು ಎದ್ದು ಹೋದ.

ಆ ಶನಿವಾರ ನಾನು ಎಲ್ಲೂ ಕೂರದೆ ಬಂಡೆ ಏರಿದೆ. ಹಟಕ್ಕೆ ಏರಿದೆ. ಮೇಲೆ ಮುಟ್ಟುವಷ್ಟರಲ್ಲಿ ಮೊಣಕಾಲು ಕುಂಬಳಕಾಯಿಯಂತಾಗಿತ್ತು. ಕಾಶವ್ವ ಒಬ್ಬಳೇ ಕಲ್ಲು ಹೊತ್ತು ಗುಡಾರ ಕಟ್ಟಿದಳು. ಹೊತ್ತು ಇಳಿಯುತ್ತಿತ್ತು. ನಡುಗೋಲಿಗೆ ಎಳೆ ಕಟ್ಟಿ, ನನ್ನ ಕಾಲಿಗೆ ಎಣ್ಣೆ ಹಚ್ಚುತ್ತ, "ಒಂದ್ ಮಾತ್ ಹೇಳ್ಲಿ?" ಎಂದಳು.

"ಹೇಳು."

"ಇದ ಬಂಡಿ ಮ್ಯಾಲ ಸಾವಿರಕ್ಕಿಂತ ಹೆಚ್ಚಿಗಿ ಸಲ ಮಲಗೀವಿ. ಇನ್ನ ಗುಡಾರ ಹುಡುಗರಿಗೆ ಕೊಟ್ಟುಬಿಡೂಣು. ನಾವು ಒಂದ್ ಸಲ ಸಮುದ್ರದ ಬಾಜೂ ಮಲಗಿ ಬರೂಣು. ಬಾಳ ದಿನದ ಆಸೆ ನಂದು."

ಇಡೀ ಓಣಿ ಒಂದು ಕಡೆ ನನ್ನ ಗುಡಾರ ಕಸಿಯಲು ನಿಂತಿದೆ, ಇವಳು ಇನ್ನೊಂದು ಕಡೆಯಿಂದ ಕೊಟ್ಟುಬಿಡೋಣ ಎನ್ನುತ್ತಾಳೆ! ಬಾಯಿ ತೆರೆಯಿತು. ಬಿಳಿಕಲ್ಲಿನ ನೆನಪೂ ಆಯಿತು. ಏಳಲು ನೋಡಿದೆ, ಕಾಲು ಮಡಚಲು ಬರಲಿಲ್ಲ. ಅವಳು ಎರಡೂ ಕೈಯಿಂದ ನನ್ನ ಬಾಯಿ ಮುಚ್ಚಲು ಬಂದಳು. ನಾನು ಕೈ ಸರಿಸಿದೆ. ಗುಡಾರದೊಳಗೆ ಕೂತೇ, ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ, ಬಾಯಿಬಿಟ್ಟು ಬೈದೆ. ಅವಳನ್ನು ಬೈದೆ, ಅವಳ ತವರನ್ನು ಬೈದೆ, ಸಮುದ್ರವನ್ನು ಬೈದೆ. ನಡುವೆ ಕೆಮ್ಮು ಬಂತು. ಕೆಮ್ಮಿ ಮತ್ತೆ ಬೈದೆ. ಅವಳು ಎಣ್ಣೆ ಬಟ್ಟಲು ಮುಚ್ಚಿಟ್ಟು ಆ ಕಡೆ ಮಗ್ಗುಲಾದಳು.

ಬೆಳಗ್ಗೆ ಅವಳು ಎಳೆಯನ್ನು ಕಿವಿಗೆ ಹಿಡಿದು ಮುರಿಯಲು ಹೋದರೆ ಅದು ಮುರಿಯಲೂ ಇಲ್ಲ, ಬಾಗಲೂ ಇಲ್ಲ. ಚೇಳಿನ ಕೊಂಡಿಯಂತೆ ಸುರುಳಿ ಸುತ್ತಿಕೊಂಡಿತ್ತು. "ಹುಳಿ ಆಗೇತಿ. ಇಲ್ಲೇ ಝಾಡಿಸಿ ಹೋಗೂಣು. ಓಣ್ಯಾಗ ಬಿಚ್ಚಬ್ಯಾಡ್ರಿ" ಎಂದಳು ಕಾಶವ್ವ. ಗೂಳಪ್ಪ ಬರಿಗೈಯಲ್ಲಿ ಬಂದ ಎಂದು ಚನಮಲ್ಲಪ್ಪ ಹೇಳುವುದನ್ನು ನಾನು ಕೇಳಬೇಕೆ? ಸುತ್ತಿದೆ, ಬಿಗಿದೆ, ತಂದೆ. ಹನ್ನೊಂದು ಮನೆಯವರ ಎದುರಿಗೆ ಓಣಿಯ ಬಾಯಲ್ಲಿ ಎದೆ ಸೆಟೆದು ಬಿಚ್ಚಿದೆ.

ಗುಡಾರದೊಳಗಿಂದ ಕೆಂಪು ಸುಳಿಗಾಳಿ ಎದ್ದಿತು. ನೇರ ಚನಮಲ್ಲಪ್ಪನ ರುಮಾಲು ಹಾರಿಸಿತು. ಅಂಗಳ ಅಂಗಳ ನುಗ್ಗಿ, ಕೋಲುಗಳನ್ನು ಕಿತ್ತು, ಹಸಿ ಶಾವಿಗೆಯನ್ನು ಬೇವಿನ ಮರದ ತುಂಬ ತೋರಣ ಕಟ್ಟಿತು. ಇನ್ನೂ ಕೆಟ್ಟದ್ದೆಂದರೆ ಆ ಗಾಳಿಗೆ ಒಂದು ತಾಳ ಇತ್ತು. ಜೋರಾಗಿ ಬೀಸುವುದು, ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ನಿಲ್ಲುವುದು, ಮತ್ತೆ ಬೀಸುವುದು. ನಡುನಡುವೆ ಕೆಮ್ಮುವುದು. ಎರಡನೆಯ ಕೆಮ್ಮಿಗೇ ಓಣಿಗೆ ಓಣಿಯೇ ನನ್ನ ಕಡೆ ತಿರುಗಿತು.

ಬುಧವಾರ ಹಿರಿಯರು ಸೇರಿದರು. ನಮ್ಮ ಓಣಿಯಲ್ಲಿ ಬಾಯಿ ತೆರೆದರೆ ಮಣ್ಣು ತುಂಬುತ್ತಿದ್ದುದರಿಂದ ನೇಕಾರರ ತಿರುವಿನಲ್ಲಿ, ಛತ್ರಿಗಳ ಕೆಳಗೆ ಸೇರಿದರು.

"ಖರೇ ಹೇಳು ಗೂಳಪ್ಪ. ಗುಡಾರದಾಗ ಬಾಯಿ ಬಿಟ್ಟಿ, ಹೌದಿಲ್ಲೊ?" ಎಂದ ಚನಮಲ್ಲಪ್ಪ.

"ನನ್ನ ಹೇಂತಿ, ನನ್ನ ಬಾಯಿ. ನಿನಗ್ಯಾಕ ಬೇಕು ಮಾವ?"

"ನಿನ್ನ ಬಾಯಿ ನಿನ್ನ ಮನ್ಯಾಗ ಇದ್ದಿದ್ರ ನನಗ್ಯಾಕ ಬೇಕಿತ್ತು? ಮೂರು ದಿನದಿಂದ ನನ್ನ ಅಂಗಳದಾಗ ಐತಿ ಅದು. ನನ್ನ ಸೊಸಿ ಶಾವಿಗಿ ಹಿಡಿಯಾಕ ಮಾಳಗಿ ಮ್ಯಾಲ ಓಡ್ಯಾಡಾಕ ಹತ್ಯಾಳ. ನಿನ್ನೆ ನಾ ಹಜಾಮತಿ ಮಾಡಿಸ್ಕೊಳ್ಳಾಕ ಕುಂತ್ರ ನಿನ್ನ ಕೆಮ್ಮು ಬಂದು ಅರ್ಧ ಮೀಸಿ ಹೋತು."

ಎಲ್ಲರೂ ಅವನ ಮೀಸೆ ನೋಡಿದರು. ಅಡಿವೆಪ್ಪ ನಗು ತಡೆಯಲಾರದೆ ಛತ್ರಿಯೊಂದನ್ನು ಮುಖಕ್ಕೆ ಅಡ್ಡ ಹಿಡಿದ. ನನಗೆ ನಗು ಬರಲಿಲ್ಲ. ಆ ತಿರುವಿನಲ್ಲಿ ನಿಂತಾಗ ನನಗೆ ಒಂದೇ ಸಂಗತಿ ಕಾಣುತ್ತಿತ್ತು: ಇಪ್ಪತ್ತನಾಲ್ಕು ವರ್ಷದ ಹೆಸರು ಬೇವಿನ ಮರದಲ್ಲಿ ಶಾವಿಗೆಯ ಜೊತೆ ತೂಗುತ್ತಿತ್ತು.

ಚನಮಲ್ಲಪ್ಪ ಕೊನೆಯ ಮಾತು ಹೇಳಿದ. "ಇನ್ನ ನಾಕು ದಿನಾ ಐತಿ ಆರ್ಡರಿಗೆ. ನಾಳಿಗೇ ಹೋಗು. ಬಂಡಿ ಹವಾ ತಂದು ಈ ಹುಳಿ ತಗಿ. ತಂದ್ರ ಗುಡಾರ ನಿಂದ, ನೀ ಇರೋ ತನಾ ಯಾರೂ ಕೇಳಂಗಿಲ್ಲ. ನನ್ನ ಮಾತು ಇದು."

ಇರುವವರೆಗೆ! ಮೊಣಕಾಲು ಮರೆತು ಮನೆಗೆ ನಡೆದೆ. "ಏ ಕಾಶಿ, ರೊಟ್ಟಿ ಬಡಿ. ನಾಳೆ ಬಂಡಿಗೆ ಹೋಗೋದು" ಎಂದೆ.

ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು. ಕೈ ನಿಲ್ಲಲಿಲ್ಲ. "ನಾ ಬಂಡಿಗೆ ಬರಂಗಿಲ್ರಿ."

"ಅಂದ್ರ?"

"ಅಂದ್ರ ಬರಂಗಿಲ್ಲ. ನೀವು ಹೋಗ್ರಿ."

ಒಬ್ಬನೇ ಮಲಗಿದರೆ ಗುಡಾರದಲ್ಲಿ ಹವೆ ನಿಲ್ಲುವುದಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ನಾನು ಹೊರಗೆ ಹೋಗಿ ಅಂಗಳದಲ್ಲಿ ಹತ್ತು ಹೆಜ್ಜೆ ಎಣಿಸಿದೆ. ಬೈಯಲು ಬಾಯಿ ತೆರೆದೆ. ನನ್ನದೇ ಸುಳಿಗಾಳಿ ಬಂದು ಬಾಯಿ ತುಂಬ ಮಣ್ಣು ಹಾಕಿತು. ಉಗುಳಿ ಮತ್ತೆ ತೆರೆದೆ, ಮತ್ತೆ ಮಣ್ಣು. ನಾನು ಬಾಯಿ ಮುಚ್ಚಿ ನಿಂತೆ. ಗಾಳಿ ನನ್ನ ಸುತ್ತ ತಿರುಗುತ್ತ, ನನ್ನ ಧಾಟಿಯಲ್ಲೇ ನನ್ನನ್ನು ಬೈಯುತ್ತಿತ್ತು. ಕೇಳಲು ಹಿತವಾಗಿರಲಿಲ್ಲ. ಇದನ್ನು ಅವಳು ಇಷ್ಟು ವರ್ಷ ಒಳಗೆ ಕೂತು ಕೇಳಿದ್ದಾಳಲ್ಲ ಎನಿಸಿತು.

ಒಳಗೆ ಬಂದೆ. ಕಾಶವ್ವ ಒಲೆ ಆರಿಸಿ, ಅಟ್ಟದಿಂದ ಒಂದು ಗಂಟು ಇಳಿಸಿ ನಡುಮನೆಯಲ್ಲಿ ಹಾಸುತ್ತಿದ್ದಳು. ಕೌದಿ ಎಂದುಕೊಂಡೆ. ಹಾಸಿದಳು, ಹಾಸಿದಳು, ಅದು ಮುಗಿಯಲಿಲ್ಲ. ಅವಳ ಲಗ್ನದ ಇಳಕಲ್ ಸೀರೆಯ ಚೂರು, ಮಗಳ ಲಂಗದ ಚೂರು, ನನ್ನ ಹರಿದ ಧೋತರ, ಅವಳ ಅವ್ವನ ಹಳೆಯ ಸೀರೆಗಳು. ಮೂರು ಪದರು, ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ, ಸಾಲಿಗೆ ಸಾಲು. ನಾಲ್ಕು ಮೂಲೆಗೆ ಹಗ್ಗದ ಕುಣಿಕೆ, ನಡುವೆ ಕೋಲು ಸೇರಿಸಲು ತೂತು. ಕೌದಿ ಅಲ್ಲ. ಗುಡಾರ.

"ಇದನ್ನ ಯಾವಾಗ ಹೊಲಿದಿ?"

"ನೀವು ಹೊರಗ ಹೋಗಿ ಬೈತಿದ್ರಲ್ಲ, ಆವಾಗ."

ನಾನು ಬಗ್ಗಿ ಒಂದು ಸಾಲನ್ನು ಬೆರಳಿನಿಂದ ಮುಟ್ಟಿದೆ. ಆಮೇಲೆ ಆ ತುದಿಯಿಂದ ಈ ತುದಿಯವರೆಗೆ ನೋಡಿದೆ. ಇಬ್ಬರು ಆರಾಮವಾಗಿ ಮಲಗುವಷ್ಟಿತ್ತು.

"ಇಷ್ಟು ಬೈದೀನೇನ ನಾ?"

"ಇನ್ನೊಂದ್ ಮಗ್ಗಲದಾಗ ಗೇಣು ಕಡಿಮಿ ಐತಿ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಒಪ್ಪಿಸುವವರ ದನಿ. "ಸಮುದ್ರಕ್ಕಂತ ಹೊಲಿದದ್ದು. ಓಣಿ ಗುಡಾರ ಒಯ್ದು ಓಣಿ ಶಾವಿಗಿ ಕೆಡಸಬಾರದು ನೋಡ್ರಿ. ಅದಕ್ಕ ನಂದ ಬ್ಯಾರೆ ಮಾಡ್ಕೊಂಡೆ."

ಓಣಿಯ ಗುಡಾರ ಹೊತ್ತು ತಿರುಗಿದ್ದು ನಾನು. ಎದೆ ಸೆಟೆದದ್ದು ನಾನು. ಹವೆಯ ಹದ ಹೇಳಿದ ಕಿವಿ ಅವಳದು, ಕಲ್ಲು ಆರಿಸಿದ ಕಾಲು ಅವಳದು. ಮನಸ್ಸಿನಲ್ಲಿ ಸಮುದ್ರ ಇಟ್ಟುಕೊಂಡು ಸಾವಿರ ಸಲ ಬಂಡೆಯ ಮೇಲೆ ಮಲಗಿದ್ದಳು, ಒಂದು ಸಲವೂ ಹವೆ ಹುಳಿಯಲು ಬಿಟ್ಟಿರಲಿಲ್ಲ. ಓಣಿಯ ಗುಡಾರವನ್ನು ಹೆಗಲಿಗೆ ಹಾಕಿಕೊಂಡು, ಸುಳಿಗಾಳಿಯಲ್ಲಿ ಕುಂಟುತ್ತ ಹೋಗಿ ಚನಮಲ್ಲಪ್ಪನ ಕಟ್ಟೆಯ ಮೇಲೆ ಇಟ್ಟೆ.

"ಎಳಿ ಕೆಟ್ಟ ದಿನಾ ತಂದಿಡ್ತೀನಿ ಅಂದಿದ್ನಲ್ಲ ಮಾವ, ತೊಗೊ."

ಅವನು ಅರ್ಧ ಮೀಸೆಯ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟ. "ನಾ ಹಂಗಂದಿಲ್ಲೋ ಮಾರಾಯ. ಇರೋ ತನಾ ಇಟಗೊ ಅಂದೀನಿ!"

"ನಾ ಅಂದೀನಿ. ಅಡಿವೆಪ್ಪಗ ಹೇಳು, ಮುಂಜಾನೆ ಬಾ ಅಂತ. ಕಲಿಸಿ ಹೋಗ್ತೀವಿ."

ಮರುದಿನ ಬೆಳಗ್ಗೆ ಅಡಿವೆಪ್ಪ ಮತ್ತು ಅವನ ಹೆಂಡತಿ ಸುವರ್ಣಾ ಮೋಟಾರ್ ಸೈಕಲ್ ಮೇಲೆ ಬಂದರು. ಕಾಶವ್ವ ಸುವರ್ಣಾಳ ಕಿವಿಯ ಹತ್ತಿರ ಹತ್ತಾರು ಎಳೆ ಮುರಿದು ತೋರಿಸಿದಳು. "ಇದು ಹಸಿ. ಇದು ಅರೆ. ಇದು ಹದ. ಕೇಳಿದೇನ ಟಕ್ ಅಂತ?" ಹುಡುಗಿ ಕಣ್ಣು ಮುಚ್ಚಿ ಕೇಳಿ, "ಎರಡನೇದಕ್ಕೂ ಟಕ್ ಅಂದಂಗಾತಲ್ರಿ ಅತ್ತಿ" ಎಂದಳು. "ಮತ್ತ ಕೇಳು." ನಾನು ಅಡಿವೆಪ್ಪನನ್ನು ಆ ಕಡೆ ಕರೆದು ಹೇಳಿದೆ, "ಗುಡಾರದಿಂದ ಹತ್ತು ಹೆಜ್ಜಿ ಮ್ಯಾಲ ಒಂದ್ ಬಿಳಿಕಲ್ಲು ಐತಿ. ಬೈಯೋದಿದ್ರ ಅಲ್ಲಿ ಹೋಗಿ ಬೈಬೇಕು."

"ನಮ್ಮ ಮನ್ಯಾಗ ಬೈಯಾಕಿ ಅಕಿ ಕಾಕಾ."

"ಹಂಗಾರ ಅಕಿಗೆ ತೋರ್ಸು. ಅಕಿ ಬೈದು ಬರೋ ತನಾ ನೀ ಒಳಗ ಸುಮ್ನ ಕುಂದ್ರಬ್ಯಾಡ, ಏನರ ಹೊಲಿ."

ಅವನಿಗೆ ಅರ್ಥವಾಗಲಿಲ್ಲ. ಆಗುವ ಕಾಲಕ್ಕೆ ಆಗುತ್ತದೆ.

ನಾವು ಎರಡು ಬಸ್ಸು ಬದಲಿಸಿ ಹೋದೆವು. ಎರಡನೆಯ ಬಸ್ಸು ಗುಡ್ಡದ ತಿರುವು ದಾಟಿದಾಗ ಕಿಟಕಿಯಿಂದ ನೀರು ಕಾಣಿಸಿತು. ಕಾಶವ್ವ ನನ್ನ ತೋಳು ಹಿಡಿದಳು. ನನಗೆ ಕಂಡದ್ದು ಹೇಳುತ್ತೇನೆ, ಸುಳ್ಳು ಹೇಳುವುದಿಲ್ಲ. ಬಹಳ ನೀರು. ಕುಡಿಯಲು ಬಾರದು, ಹೊಲಕ್ಕೆ ಬಾರದು. ರೊಟ್ಟಿ ತಾಸಿನಲ್ಲಿ ಚರ್ಮದಂತಾಯಿತು. ಆದರೆ ಅವಳು ಸೀರೆಯನ್ನು ಮೊಣಕಾಲಿಗೆತ್ತಿ ಕಟ್ಟಿ, ನೀರಿನಲ್ಲಿ ನಿಂತು, ಪ್ರತಿ ತೆರೆಗೂ "ಬಾ, ಬಾ" ಎನ್ನುತ್ತಿದ್ದಳು. ಮನೆಗೆ ಬೀಗರು ಬಂದ ಹಾಗೆ.

ಗುಡಾರ ಕಟ್ಟುವಾಗ ನನ್ನ ವಿದ್ಯೆಯೆಲ್ಲ ನೀರು ಪಾಲಾಯಿತು. ಹಗ್ಗ ಸುತ್ತಲು ಕಲ್ಲಿಲ್ಲ. ಗೂಟ ಹೊಡೆದರೆ ಮರಳು ಮೊಸರಿನಂತೆ ಬಿಟ್ಟುಕೊಡುತ್ತದೆ. ಮೂರು ಸಲ ಹೊಡೆದೆ, ಮೂರು ಸಲ ಕಿತ್ತು ಬಂತು. ಸಿಟ್ಟು ನೆತ್ತಿಗೇರಿತು. ನೇಮ ನೇಮವೇ. ತಿರುಗಿ ಹತ್ತು ಹೆಜ್ಜೆ ಎಣಿಸಿದೆ. ಎಣಿಸಿದ್ದು ನೀರಿನ ಕಡೆಗೆ. ಹತ್ತನೆಯ ಹೆಜ್ಜೆಗೆ ಬಾಯಿ ತೆರೆದಿದ್ದೇ ತಡ, ಒಂದು ತೆರೆ ಬಂದು ಎದೆಗೆ ಹೊಡೆದು ಬಾಯಿಗೆ ಉಪ್ಪುನೀರು ತುಂಬಿ ಹೋಯಿತು. ಹಿಂದಿನಿಂದ ಕಾಶವ್ವ ನಕ್ಕದ್ದು ಕೇಳಿತು. ಲಗ್ನವಾದಾಗಿನಿಂದ ಅವಳು ಹೊಟ್ಟೆ ಹಿಡಿದು ಹಾಗೆ ನಕ್ಕದ್ದು ನಾನು ಕೇಳಿರಲಿಲ್ಲ. ಅದನ್ನು ನನಗೆ ಕೇಳಿಸಿದ್ದು ಸಮುದ್ರ ಎಂದರೆ ತಪ್ಪಲ್ಲ.

ನಾನು ಒದ್ದೆಯಾಗಿ ಮರಳಿ ಬರುವಷ್ಟರಲ್ಲಿ ಗುಡಾರ ನಿಂತಿತ್ತು. ಶಾವಿಗೆ ತುಂಬುವ ನಾಲ್ಕು ಚೀಲ ತಂದಿದ್ದಳು. ಅವುಗಳಿಗೆ ಮರಳು ತುಂಬಿ, ಬಾಯಿಗೆ ಹಗ್ಗ ಬಿಗಿದು, ಮೊಳದುದ್ದ ತಗ್ಗು ತೋಡಿ ಹೂತಿದ್ದಳು. ಎರಡು ಕೈಯಿಂದ ಜಗ್ಗಿ ನೋಡಿದೆ. ಅಲುಗಲಿಲ್ಲ. "ಇದನ್ನ ಯಾರು ಕಲಿಸಿದ್ರು?"

"ಕಲಿಸೋದೇನ್ರಿ? ಕಲ್ಲು ಇಲ್ಲಂದ್ರ ಇದ್ದದ್ದನ್ನ ಕಲ್ಲು ಮಾಡ್ಕೋಬೇಕು."

ನಾನು ಎದೆ ಸೆಟೆದು ಸುತ್ತ ನೋಡಿದೆ. ಆಚೆ ನೇಕಾರರ ಓಣಿಯವರ ಗುಡಾರದ ಹಳೆಯ ಗುರುತುಗಳಿದ್ದವು, ಆಳಕ್ಕೆ ಹೊಡೆದ ಉದ್ದುದ್ದ ಗೂಟಗಳ ತೂತು. ಬಂದ ಮೊದಲ ದಿನವೇ ಇಂಥ ಉಪಾಯ ಅವರಿಗೆ ಹೊಳೆದಿರಲಾರದು. ಅಲ್ಲಿ ಯಾರೂ ಇರಲಿಲ್ಲ, ಇಲ್ಲದಿದ್ದರೆ ಕರೆದು ತೋರಿಸುತ್ತಿದ್ದೆ.

ಅಡಿವೆಪ್ಪನ ಜೋಡಿ ಶುಕ್ರವಾರವೇ ಬಂಡೆಯ ಹವೆ ತಂದು ಹುಳಿ ತೆಗೆದಿತ್ತು. ಹವೆ ತುಸು ಬಿರುಸು, ಅಂಚಿನ ಎಳೆ ಮುರಿಯುತ್ತಿತ್ತು, ಆದರೆ ಆರ್ಡರು ಮುಗಿಯಿತು. ನಾವು ಶನಿವಾರ ಸಂಜೆ ಊರಿಗೆ ಬಂದು, ಓಣಿಯ ಬಾಯಲ್ಲಿ ನಿಲ್ಲದೆ ದಾಟಿ, ನಮ್ಮ ಅಂಗಳದಲ್ಲಿ ಕೌದಿಯ ಗುಡಾರವನ್ನು ಬಿಚ್ಚಿದೆವು. ಸಣ್ಣ ಗುಡಾರ, ಹವೆ ನಮ್ಮ ಅಂಗಳದ ಅಂಚಿಗೆ ಬಂದು ನಿಂತಿತು. ಆಚೆ ಚನಮಲ್ಲಪ್ಪನ ಅಂಗಳದಲ್ಲಿ ಬಿಸಿಲು, ಶಾವಿಗೆ ಟಕಟಕ ಒಣಗುತ್ತಿತ್ತು. ಈಚೆ ಒದ್ದೆಗಾಳಿ, ಉಪ್ಪಿನ ವಾಸನೆ, ದೂರದಲ್ಲೆಲ್ಲೋ ತೆರೆಯ ಸದ್ದು. ನಮ್ಮ ಶಾವಿಗೆ ಒಣಗಿಸಲು ಸುವರ್ಣಾ ತನ್ನ ಅಂಗಳದಲ್ಲಿ ಜಾಗ ಕೊಟ್ಟಳು. ಕೇಳದೆಯೇ ಕೊಟ್ಟಳು.

ಸೋಮವಾರ ಚನಮಲ್ಲಪ್ಪ ನಮ್ಮ ಅಂಗಳದ ಗೆರೆಯಲ್ಲಿ ಬಂದು ನಿಂತ. ಒಂದು ಕಾಲು ಬಿಸಿಲಿನಲ್ಲಿ, ಒಂದು ಕಾಲು ನಮ್ಮ ಗಾಳಿಯಲ್ಲಿ. "ನಿಮ್ಮ ಉಪ್ಪಿನ ಗಾಳಿ ನನ್ನ ಶಾವಿಗಿಗೆ ತಾಗಿದ್ರ ನೋಡು ಗೂಳಪ್ಪ" ಎಂದ. ತಾಗುವುದಿಲ್ಲ ಎಂದು ಅವನಿಗೂ ಗೊತ್ತು. ಕಾಶವ್ವ ಚಹಾ ತಂದಿಟ್ಟಳು. ಅವನು ಕಟ್ಟೆಯ ಮೇಲೆ ಕೂತ, ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ, ಬೋಳುತಲೆಯನ್ನು ಗಾಳಿಗೆ ಕೊಟ್ಟ. ಎಪ್ಪತ್ತೆರಡು ವರ್ಷದ ಮನುಷ್ಯ, ಶಾವಿಗೆ ಹವೆ ಬಿಟ್ಟು ಬೇರೆ ಹವೆಯ ಕೆಳಗೆ ಕೂತವನಲ್ಲ. ಚಹಾ ಆರಿಹೋಯಿತು. ಅದನ್ನು ಒಂದೇ ಗುಟುಕಿಗೆ ಕುಡಿದು, "ಬರೋ ವಾರ ಎಲ್ಲಿಗಿ?" ಎಂದ.

ಅದು ಗುಡಾರ ಕಳೆದುಕೊಂಡವನನ್ನು ಕೇಳುವ ದನಿಯಾಗಿರಲಿಲ್ಲ. "ಅಕಿನ್ನ ಕೇಳು" ಎಂದೆ.

ಈಗ ನಾವು ಪ್ರತಿ ಶನಿವಾರ ಅವಳು ಹೇಳಿದ ಕಡೆ ಹೋಗುತ್ತೇವೆ. ಜೋಳದ ಹೊಲದ ನಡುವೆ ಮಲಗಿದ್ದೇವೆ, ಹೊಳೆಯ ನಡುಗಡ್ಡೆಯ ಮೇಲೆ ಮಲಗಿದ್ದೇವೆ, ಕುರಿಹಟ್ಟಿಯ ಪಕ್ಕ ಮಲಗಿ ವಾರವಿಡೀ ಕುರಿಯ ವಾಸನೆ ಕುಡಿದಿದ್ದೇವೆ. ಭಾನುವಾರ ಸಂಜೆ ಕೆಲಸ ಮುಗಿಸಿ ಓಣಿಯ ಹೆಂಗಸರು ನಮ್ಮ ಕಟ್ಟೆಗೆ ಬಂದು, "ಈ ವಾರ ಏನ್ ತಂದಿ ಕಾಶಕ್ಕ?" ಎಂದು ಕೇಳುತ್ತಾರೆ. ಮಗ್ಗ ಬಿಟ್ಟು ನೇಕಾರರೂ ಬರುತ್ತಾರೆ. ಓಣಿಯ ಹವೆಗೆ ನನ್ನ ಹೆಸರಿಲ್ಲ ಈಗ. ಆದರೆ ಇಡೀ ಊರಿನಲ್ಲಿ, ಯಾವ ಕೆಲಸಕ್ಕೂ ಬಾರದ ಹವೆಯನ್ನು ಬೇಕೆಂದೇ ತರುವ ಮನೆ ಒಂದೇ ಇದೆ. ಅದು ನನ್ನ ಮನೆ. ಇದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಗುಡಾರದ ಒಂದು ಮಗ್ಗುಲು ಮಾತ್ರ ಇನ್ನೂ ಗೇಣು ಕಡಿಮೆ. ಅಲ್ಲಿಂದ ಚಳಿ ನುಗ್ಗುತ್ತದೆ. ಸಮುದ್ರದಿಂದ ಬಂದ ಮೇಲೆ ನನಗೆ ಸಿಟ್ಟು ಅಷ್ಟಾಗಿ ಬರುತ್ತಿಲ್ಲ, ಹಾಗಾಗಿ ಹೊಲಿಗೆ ನಿಂತಿದೆ. ಹೋದ ಶನಿವಾರ ನಡುಗಡ್ಡೆಯ ಮೇಲೆ, ಹೊತ್ತು ಮುಳುಗುವ ಹೊತ್ತಿಗೆ, ಕಾಶವ್ವ ಶಾಲನ್ನು ಬಿಗಿಯಾಗಿ ಹೊದ್ದು, ಆ ಸಂದಿಯ ಕಡೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. "ಏನ್ರಿ, ಈ ವಾರ ಯಾರೂ ಏನೂ ಅಂದಿಲ್ಲೇನ ನಿಮಗ?"

ನಾನು ಎದ್ದೆ. ಹೊರಗೆ ಹೋಗಿ ಹತ್ತು ಹೆಜ್ಜೆ ಎಣಿಸಿದೆ. ಗಂಟಲು ಸರಿಮಾಡಿಕೊಂಡು, ಎದುರಿಗಿದ್ದ ಹೊಳೆಯನ್ನು, ಆಚೆ ದಂಡೆಯ ಮರಗಳನ್ನು, ಲಗೇಜು ಟಿಕೀಟು ಕೇಳುವ ಜಗತ್ತಿನ ಎಲ್ಲ ಕಂಡಕ್ಟರರನ್ನು ಮನಸಾರೆ ಬೈಯತೊಡಗಿದೆ. ಹಿಂದೆ ತಿರುಗಿ ನೋಡಿದರೆ ಗುಡಾರದೊಳಗೆ ಲಾಟೀನು ಹತ್ತಿತ್ತು. ಬಟ್ಟೆಯ ಮೇಲೆ ಅವಳ ನೆರಳು ಬಿದ್ದಿತ್ತು. ಸೂಜಿಗೆ ದಾರ ಪೋಣಿಸುತ್ತಿದ್ದಳು.